ನನಗೆ ಬೀಳದ ಬೈಗುಳ

ಮೊನ್ನೆ ಸಂಜೆ ಗೋರೆಗಾಂವಿನ ನಮ್ಮ ಮನೆಗೆ ಬಂದವನು ಚಪ್ಪಲಿ ಕಳಚುವುದನ್ನೂ ಮರೆತು ಬಾಗಿಲಲ್ಲೇ ನಿಂತುಬಿಟ್ಟೆ. ಅಡುಗೆಮನೆಯಿಂದ ಆಂಬೆಹಳದದ ವಾಸನೆ ಬರುತ್ತಿತ್ತು. ಅದೊಂದು ಬಗೆಯ ಅರಿಶಿನದ ಗಡ್ಡೆ, ಉಳುಕಿಗೆ ಮುಂಬಯಿಯ ಮನೆಮನೆಯ ಮದ್ದು. ಮೊಮ್ಮಗ ಶಾಲೆಯಲ್ಲಿ ಆಡಲು ಹೋಗಿ ಕಾಲು ಉಳುಕಿಸಿಕೊಂಡು ಬಂದಿದ್ದ. ಪಕ್ಕದ ಮನೆಯ ಮರಾಠಿ ಹೆಂಗಸು ಕೊಟ್ಟ ಗಡ್ಡೆಯನ್ನು ಸೊಸೆ ಕಲ್ಲಿನ ಮೇಲೆ ತೇದು, ಸೌಟಿನಲ್ಲಿ ಬಿಸಿ ಮಾಡುತ್ತಿದ್ದಳು.

"ಅಜ್ಜ, ಬಹುತ್ ಗಂದಾ ವಾಸನೆ ಉಂಟು," ಎಂದು ಹುಡುಗ ಮೂಗು ಮುಚ್ಚಿಕೊಂಡ.

ನನಗೂ ಆ ವಾಸನೆ ಆಗುವುದಿಲ್ಲ. ಕಾರಣ ಬೇರೆ. ಅದು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಾಗುತ್ತದೆ. ಯಾರ ಮೇಲೆ ಎಂದರೆ ಬಸಪ್ಪನ ಮೇಲೆ. ಬಸಪ್ಪ ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಅಂಥವನ ಮೇಲೆ ಇಷ್ಟು ವರ್ಷ ಕರುಬುವುದು ಒಳ್ಳೆಯದಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೇನು, ಅವಳು ಹುತುತು ಆಡಿದವಳಲ್ಲ.

ಈಗ ಎಲ್ಲರೂ ಕಬಡ್ಡಿ ಎನ್ನುವ ಆಟವನ್ನು ಆಗ ಪರೇಲಿನ ಕಡೆ ಹುತುತು ಎನ್ನುತ್ತಿದ್ದರು. ಐವತ್ತರ ದಶಕದ ಒಂದು ಚಳಿಗಾಲ, ದೀಪಾವಳಿ ಕಳೆದು ಹೋಳಿ ಬರುವವರೆಗಿನ ಕೆಲವು ತಿಂಗಳು ಮಾತ್ರ ನಾನು ಅಲ್ಲಿ ಆಡಿದ್ದು. ಇಪ್ಪತ್ತರ ಆಸುಪಾಸಿನ ವಯಸ್ಸು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ. ಬೆಳಗಿನ ಇಡ್ಲಿಯಿಂದ ಮಧ್ಯಾಹ್ನದ ಊಟದ ತನಕ ಕಾಲಿಗೆ ಬಿಡುವಿಲ್ಲ. ಆಮೇಲೆ ಸಂಜೆಯ ಕಾಫಿಯ ಹೊತ್ತಿನವರೆಗೆ ಗಿರಾಕಿಗಳಿಲ್ಲ. ಉಳಿದವರು ಬೆಂಚಿನ ಮೇಲೆ ಅಡ್ಡಾಗುತ್ತಿದ್ದರು. ನಾನು ಇದ್ದ ಒಂದೇ ಒಂದು ಬಿಳಿ ಅಂಗಿ ಹಾಕಿಕೊಂಡು ಲೋಕಲ್ ಹಿಡಿದು ಲೋವರ್ ಪರೇಲಿಗೆ ಹೋಗುತ್ತಿದ್ದೆ.

ಅಲ್ಲಿ ಮಿಲ್ಲಿನ ಕಾಂಪೌಂಡಿಗೆ ತಾಗಿ ಒಂದು ಮೈದಾನವಿತ್ತು. ಚಳಿಗಾಲದಲ್ಲಿ ಚಿಮಣಿಯ ಹೊಗೆ ಮೇಲೆ ಹೋಗದೆ ತಲೆಯ ಮೇಲೆಯೇ ನಿಂತಿರುತ್ತಿತ್ತು. ಗಾಳಿಯಲ್ಲಿ ಹತ್ತಿಯ ನಾರು. ಆಡಿ ಬೆವರಿದರೆ ಮೈಗೆಲ್ಲ ಅದೇ ಅಂಟಿಕೊಂಡು, ಹೋಟೆಲಿಗೆ ವಾಪಸು ಹೋದಾಗ ಧಣಿಗಳು "ಹಾಸಿಗೆ ಹರಿದು ಬಂದೆಯಾ?" ಎಂದು ಕೇಳುತ್ತಿದ್ದರು.

ಮೊದಲ ದಿನ ನಾನು ಗೆರೆಯ ಹೊರಗೆ ನಿಂತು ನೋಡುತ್ತಿದ್ದೆ. ಆಟ ಕಲಿಸುತ್ತಿದ್ದವರು ಕಲ್ಲಪ್ಪ ಮಾಸ್ತರು. ಬೆಳಗಾವಿ ಕಡೆಯವರು, ಹಿಂದೆ ಮಿಲಿಟರಿಯಲ್ಲಿದ್ದವರು, ಈಗ ಮಿಲ್ಲಿನ ಮಗ್ಗದ ಖಾತೆಯಲ್ಲಿ ಜಾಬರ್, ಅಂದರೆ ನೇಯುವವರ ಮೇಲಿನ ಮೇಸ್ತ್ರಿ. ಮಗ್ಗಗಳ ಗದ್ದಲದ ನಡುವೆ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು.

"ಯಾರಪಾ ನೀ? ಆಡ್ತಿ ಏನು?" ಎಂದು ಅಲ್ಲಿಂದಲೇ ಗುಡುಗಿದರು.

"ಹೌದು ಮಾಸ್ಟ್ರೆ. ಊರಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ಆಡಿ ಅಭ್ಯಾಸ ಉಂಟು."

"ಹೆಸರೇನು? ಎಲ್ಲಿರತಿ?"

"ರಾಮಣ್ಣ ಶೆಟ್ಟಿ. ಗ್ರಾಂಟ್ ರೋಡಿನಲ್ಲಿ ನಮ್ಮ ಹೋಟೆಲು ಉಂಟು. ಅಲ್ಲೇ ಇರುವುದು."

ಮಾಸ್ತರು ಒಂದು ಗಳಿಗೆ ನನ್ನ ಬಿಳಿ ಅಂಗಿಯನ್ನು ನೋಡಿದರು. ಆಮೇಲೆ ದನಿ ಇಳಿಸಿ, "ಹಂಗೇನ್ರಿ! ಬರ್ರಿ ಶೆಟ್ರ, ಬರ್ರಿ. ಅಂಗಿ ತಗದ ಅಲ್ಲಿ ಗ್ವಾಡಿ ಮ್ಯಾಲೆ ಇಡ್ರಿ, ಧೂಳಾದೀತು," ಎಂದರು.

ನನಗೆ ಎದೆ ಉಬ್ಬಿತು. ಬೆಳಗಿನಿಂದ ರಾತ್ರಿಯವರೆಗೆ 'ಏ ಮದ್ರಾಸಿ', 'ಏ ಪಾನಿವಾಲಾ' ಎಂದು ಕರೆಸಿಕೊಳ್ಳುವವನಿಗೆ ಒಬ್ಬ ದೊಡ್ಡ ಮನುಷ್ಯ 'ರೀ' ಎಂದರೆ ಹೇಗಾಗಬೇಡ? ಅವತ್ತು ನಾನು ಮೂರು ಜನರನ್ನು ಮುಟ್ಟಿ ಬಂದೆ. ಮಾಸ್ತರು, "ಛಲೋ ಆಡಿದ್ರಿ ಶೆಟ್ರ," ಎಂದರು. ಲೋಕಲಿನಲ್ಲಿ ಬಾಗಿಲ ಬಳಿ ನಿಂತು, ಗಾಳಿಗೆ ಮುಖ ಕೊಟ್ಟು, ಆ ಮಾತನ್ನೇ ಮೆಲುಕು ಹಾಕಿಕೊಂಡು ಬಂದೆ.

ಸುಖ ಹೆಚ್ಚು ದಿನ ಉಳಿಯಲಿಲ್ಲ. ಬಸಪ್ಪ ಬಂದ.

ಬಸಪ್ಪ ಬಿಜಾಪುರದ ಕಡೆಯವ. ದಾಣಾ ಬಂದರಿನಲ್ಲಿ ಧಾನ್ಯದ ಚೀಲ ಹೊರುವ ಹಮಾಲ. ನನ್ನದೇ ವಯಸ್ಸು, ನನ್ನ ಎರಡರಷ್ಟು ಭುಜ. ದಮ್ಮು ಕಟ್ಟಿ ಎದುರಾಳಿಯ ಅಂಗಳಕ್ಕೆ ನುಗ್ಗಿದರೆ ಮುಟ್ಟಿ ಬರುವವನಲ್ಲ, ಹೊಡೆದು ಬರುವವ. ಹಿಡಿದವನ ಪಕ್ಕೆಗೆ ಮೊಣಕಾಲು, ಬಿಡಿಸಿಕೊಳ್ಳುವಾಗ ಕಿವಿಯ ಮೇಲೊಂದು ಏಟು. ಮೊದಲ ದಿನವೇ ಒಬ್ಬನ ತುಟಿ ಒಡೆದ. ಇವನನ್ನು ಮಾಸ್ತರು ಈಗಲೇ ಓಡಿಸುತ್ತಾರೆ ಎಂದು ನಾನು ಸಮಾಧಾನದಿಂದ ನಿಂತಿದ್ದೆ.

ಮಾಸ್ತರು ಅವನ ಕುತ್ತಿಗೆಗೆ ಕೈ ಹಾಕಿ ಮೈದಾನದ ನಡುವಿಗೆ ಎಳೆದು ತಂದರು. "ಲೇ ಹುಚ್ಚಪ್ಯಾಲಿ! ಇದೇನ ಬಜಾರದಾಗಿನ ಜಗಳ ಅಂತ ತಿಳದಿ ಏನ್ಲೇ? ಸಿಟ್ಟ ಕಾಲಾಗ ಇಟಗೊ, ಕೈಯಾಗ ಅಲ್ಲ! ಕಾಲಾಗ!" ಎಂದು ಕೂಗಿ, ಹೆಗಲ ಮೇಲಿನ ಟವೆಲನ್ನು ನೀರಿನಲ್ಲಿ ಅದ್ದಿ ಅವನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು. "ಈಗ ಹೋಗು. ಕಾಲಲೇ ಮುಟ್ಟಿ ಬಾ."

ಬಸಪ್ಪ ಬಿದ್ದ. ಎದ್ದ. ಮತ್ತೆ ಬಿದ್ದ. ಮಣ್ಣು ಉಗುಳುತ್ತ ಎದ್ದಾಗಲೆಲ್ಲ ಮಾಸ್ತರ ಬೈಗುಳ. ನಾನು ಲೋಕಲ್ ಹಿಡಿಯುವ ಹೊತ್ತಿನವರೆಗೂ ಅವರಿಬ್ಬರದೇ ಆಟ. ಅವನು ಕೊನೆಗೂ ಕಾಲಿನ ತುದಿಯಿಂದ ಒಬ್ಬನನ್ನು ಮುಟ್ಟಿ ಗೆರೆ ದಾಟಿದಾಗ ಮಾಸ್ತರು, "ಹಂಗ ಮಗನ!" ಎಂದು ಅವನ ಬೆನ್ನಿಗೆ ರಪ್ಪನೆ ಬಾರಿಸಿದರು. ಆ ಸದ್ದು ಮಿಲ್ಲಿನ ಗೋಡೆಗೆ ತಾಗಿ ನನ್ನ ಕಿವಿಗೆ ಬಂತು. ನಾನೂ ಅವತ್ತು ಚೆನ್ನಾಗಿಯೇ ಆಡಿದ್ದೆ. ನನಗೆ ಸಿಕ್ಕಿದ್ದು ಎಂದಿನ "ಛಲೋ ಆಡಿದ್ರಿ ಶೆಟ್ರ".

ಅವತ್ತಿನಿಂದ ಆ ಮಾತು ನನಗೆ ಸಪ್ಪೆ ಎನಿಸತೊಡಗಿತು. ದಿನ ಕಳೆದಂತೆ ಚುಚ್ಚತೊಡಗಿತು. ಬೈಗುಳಕ್ಕೆ ನನಗೆ ಬರವಿತ್ತು ಎಂದಲ್ಲ. ಹೋಟೆಲಿನಲ್ಲಿ ಧಣಿಗಳು ಬೈಯುತ್ತಿದ್ದರು, ಭಟ್ಟರು ಬೈಯುತ್ತಿದ್ದರು, ಚಟ್ನಿ ತಡವಾದರೆ ಗಿರಾಕಿಗಳು ಬೈಯುತ್ತಿದ್ದರು. ಅವರೆಲ್ಲ ಬೈದದ್ದು ಚಟ್ನಿಗೆ, ಲೋಟಕ್ಕೆ. ಎದುರಿಗೆ ಯಾರು ನಿಂತಿದ್ದರೂ ಅದೇ ಬೈಗುಳ. ಮಾಸ್ತರು ಬಸಪ್ಪನಿಗೆ ಬೈಯುವಾಗ ಅದರೊಳಗೆ ಬಸಪ್ಪ ಇರುತ್ತಿದ್ದ: ಅವನ ಎಡಗಾಲಿನ ಸೋಮಾರಿತನ, ಅವನು ದಮ್ಮು ಮುಗಿಯುವ ಮೊದಲೇ ಹಿಂದೆ ನೋಡುವ ಚಟ, ಅವನು ಬೆಳಿಗ್ಗೆ ಉಣ್ಣದೆ ಬಂದದ್ದು, ಎಲ್ಲವೂ. ನಾನು ಎಡಗಾಲು ಮೊದಲಿಡುತ್ತೇನೋ ಬಲಗಾಲೋ ಎಂದು ಮಾಸ್ತರಿಗೆ ಗೊತ್ತಿತ್ತೆ?

ಹೀಗಿರುವಾಗ ಮೈದಾನಕ್ಕೆ ಒಂದು ಸುದ್ದಿ ಬಂತು. ಮಿಲ್ಲಿನ ಸ್ವಂತ ಟೀಮಿನಲ್ಲಿ ಒಂದು ಜಾಗ ಖಾಲಿ ಇತ್ತು. ಟೀಮಿಗೆ ಸೇರಿದವನಿಗೆ ಮಿಲ್ಲಿನಲ್ಲಿ ಕಾಯಂ ನೌಕರಿ, ಚಾಳಿನಲ್ಲಿ ಒಂದು ಖೋಲಿ, ಅಂದರೆ ಕಾರ್ಮಿಕರ ವಠಾರದಲ್ಲೊಂದು ಕೋಣೆ. ಹೋಳಿಯ ಮುಂಚಿನ ಪಂದ್ಯಗಳನ್ನು ನೋಡಲು ಲೇಬರ್ ಆಫೀಸರ್ ಬರುತ್ತಾರೆ, ಕಲ್ಲಪ್ಪ ಮಾಸ್ತರು ಯಾರನ್ನು ತೋರಿಸುತ್ತಾರೋ ಅವನಿಗೆ ಕೆಲಸ. ಊರಿನಲ್ಲಿ ಅಕ್ಕನ ಮಾವ ನನಗೆ ಹೆಣ್ಣು ಹುಡುಕಿ ಸೋತಿದ್ದರು. ಹೋಟೆಲಿನ ಬೆಂಚಿನ ಮೇಲೆ ಮಲಗುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಒಂದು ಖೋಲಿ, ಅದಕ್ಕೊಂದು ಬಾಗಿಲು, ಭಾನುವಾರ ರಜೆ. ಅಷ್ಟು ಸಿಕ್ಕರೆ ನನ್ನ ಬದುಕು ದಡ ಸೇರಿದಂತೆ. ಹಿಡಿದರೆ ಬಿಡಿಸಿಕೊಳ್ಳುವುದರಲ್ಲಿ, ದಮ್ಮಿನಲ್ಲಿ, ನಮ್ಮಲ್ಲಿ ಲೆಕ್ಕಕ್ಕಿದ್ದವರು ಇಬ್ಬರೇ, ನಾನು ಮತ್ತು ಬಸಪ್ಪ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಭ್ಯಾಸದಲ್ಲಿ ನಾನು ಬಸಪ್ಪನ ಕಾಲು ಹಿಡಿದೆ. ಅವನು ಝಾಡಿಸಿದ ರಭಸಕ್ಕೆ ನನ್ನ ಕಣಕಾಲು ತಿರುಚಿತು. ಮಾಸ್ತರ ನಿಯಮ ಒಂದಿತ್ತು: ಯಾರು ನೋಯಿಸುತ್ತಾರೋ ಅವರೇ ಆಂಬೆಹಳದ ತೇದು, ಬಿಸಿ ಮಾಡಿ, ನೊಂದವನಿಗೆ ಹಚ್ಚಬೇಕು. ಬಸಪ್ಪ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಚ್ಚತೊಡಗಿದ. ಅವನ ಕೈ ಎಷ್ಟು ಒರಟೋ ಅಷ್ಟೇ ಹಗುರವಾಗಿ ಆಡುತ್ತಿತ್ತು.

"ಉರಿತೈತೇನ್ರಿ?" ಎಂದು ಕೇಳಿದ. ಅವನೂ ನನಗೆ 'ರೀ' ಎನ್ನುತ್ತಿದ್ದ.

ಉರಿಯುತ್ತಿತ್ತು, ಕಾಲು ಅಲ್ಲ. ಮಾಸ್ತರು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಿದ್ದವನು ನಾನು, ಊದಿದ್ದು ನನ್ನ ಕಾಲು, ಅವರ ಕಣ್ಣು ಮಾತ್ರ ಬಸಪ್ಪನ ಮೇಲೆ. "ಮಂದಿ ಕಾಲ ಮುರದ ಏನ ಗಳಸ್ತಿ ಲೇ? ನಿನ್ನ ಕಾಲ ಯಾರರ ಮುರದ್ರ ಚೀಲ ಹೊರಾಕ ಹೆಂಗ ಹೋಗ್ತಿ? ಸ್ವಲ್ಪರ ತಲಿ ಐತೇನ ನಿನಗ?" ಹೀಗೆ ಬೈಯುತ್ತ ಬೈಯುತ್ತ ಅವನ ಕೂದಲಿಗೆ ಅಂಟಿದ್ದ ಹತ್ತಿಯ ನಾರನ್ನು ಬೆರಳಿನಿಂದ ಎತ್ತಿ ಎತ್ತಿ ಬಿಸಾಡುತ್ತಿದ್ದರು. ನನ್ನ ತಲೆಯ ಮೇಲೂ ನಾರಿತ್ತು. ಅದನ್ನು ನಾನೇ ತೆಗೆದುಕೊಂಡೆ.

ಕಾಲು ವಾಸಿಯಾದ ಮೇಲೆ ನನಗೊಂದು ಹುಚ್ಚು ಉಪಾಯ ಹೊಳೆಯಿತು. ಬೈಗುಳ ಬೇಕಾದರೆ ತಪ್ಪು ಮಾಡಬೇಕು, ಅಷ್ಟೇ ತಾನೆ? ಒಂದು ದಿನ ಬೇಕೆಂದೇ ತಡವಾಗಿ ಹೋದೆ. "ಇರ್ಲಿ ತಗೋರಿ ಶೆಟ್ರ, ನಿಮಗ ಧಂದೆ ಇರತೈತಿ," ಎಂದರು. ಇನ್ನೊಂದು ದಿನ ದಮ್ಮು ಬಿಟ್ಟು ನಡು ಅಂಗಳದಲ್ಲಿ ಸುಮ್ಮನೆ ನಿಂತೆ. "ದಣಿವಾಗಿರಬೇಕು, ಸ್ವಲ್ಪ ಕೂಡ್ರಿ," ಎಂದು ನೆರಳು ತೋರಿಸಿದರು. ಮೂರನೆಯ ಸಲ ತಡೆಯಲಾರದೆ, ನನ್ನನ್ನು ಹಿಡಿದ ದಾದರಿನ ಹುಡುಗನೊಬ್ಬನ ಎದೆಗೆ ಮೊಣಕೈಯಿಂದ ಗುದ್ದಿದೆ. ಹುಡುಗ ಎದೆ ಹಿಡಿದುಕೊಂಡು ಕೂತ. ಮಾಸ್ತರು ದಾಪುಗಾಲು ಹಾಕಿಕೊಂಡು ಬಂದರು. ಈಗ ಬಂತು, ಈಗ ಬಂತು ಎಂದು ನಾನು ಬೆನ್ನು ಸೆಟೆಸಿ ನಿಂತೆ.

"ಯಾಕ್ರಿ ಶೆಟ್ರ, ಮೈಯಾಗ ಆರಾಮ ಇಲ್ಲೇನ್ರಿ?" ಎಂದರು. ಆಮೇಲೆ ಗರ್ರನೆ ತಿರುಗಿ, "ನೋಡಲೇ ಬಸ್ಯಾ! ನಿನ್ನ ನೋಡಿ ನೋಡಿ ಮರ್ಯಾದಸ್ತ ಮಂದಿನೂ ಕೆಡಾಕ ಹತ್ಯಾರ!"

ನಾನು ಆಂಬೆಹಳದದ ಬಟ್ಟಲನ್ನಾದರೂ ಎತ್ತಿಕೊಳ್ಳೋಣ ಎಂದು ಹೋದೆ. ನಿಯಮ ನಿಯಮವೇ. ಮಾಸ್ತರು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ನೀವ್ಯಾಕ್ರಿ? ಕೈ ಹಳದಿ ಆಗತಾವ. ಬಸ್ಯಾ, ಹಚ್ಚಲೇ ಇದನ್ನ." ನಾನು ಮಾಡಿದ ತಪ್ಪಿನ ಬೈಗುಳವನ್ನೂ ಆ ಪುಣ್ಯಾತ್ಮ ತಿಂದುಬಿಟ್ಟ. ಅವನೋ, ಏನೂ ನಡೆದೇ ಇಲ್ಲವೆಂಬಂತೆ ಕೂತು ಹಚ್ಚಿದ. ಆ ರಾತ್ರಿ ಹೋಟೆಲಿನಲ್ಲಿ ಒಂದು ಲೋಟ ಒಡೆದೆ. ಧಣಿಗಳು ಬಾಯಿ ತುಂಬ ಬೈದರು. ಏನು ಪ್ರಯೋಜನ?

ಹೋಳಿಯ ಮುಂಚಿನ ಭಾನುವಾರ ಕೊನೆಯ ಪಂದ್ಯ. ಧಣಿಗಳ ಕಾಲು ಹಿಡಿದು ಅಪ್ಪಣೆ ಪಡೆದು, ಬೆಳಗಿನ ಗಿರಾಕಿಗಳನ್ನು ಮುಗಿಸಿದವನೇ ಓಡಿದೆ. ಮೈದಾನದ ಸುತ್ತ ಮಿಲ್ಲಿನ ಜನ, ಗೋಡೆಯ ಮೇಲೆ ಜನ. ಮರದ ಕುರ್ಚಿಯಲ್ಲಿ ಲೇಬರ್ ಆಫೀಸರ್. ಮಾಸ್ತರು ಬಸಪ್ಪನನ್ನು ಆಡಲು ಇಳಿಸಿದರು. ನನ್ನನ್ನು ಹೊರಗೆ ಕೂರಿಸಿದರು. "ನೀವು ಸ್ವಲ್ಪ ಆರಾಮ ತಗೋರಿ ಶೆಟ್ರ."

ಬಸಪ್ಪನ ಆಟದ ಬಗ್ಗೆ ಸುಳ್ಳು ಹೇಳಬಾರದು. ಸಿಟ್ಟು ಪೂರಾ ಕಾಲಿಗೆ ಇಳಿದಿತ್ತು. ಹಾವಿನ ನಾಲಿಗೆಯ ಹಾಗೆ ಕಾಲು ಚಾಚಿ ಮುಟ್ಟಿ ಬರುತ್ತಿದ್ದ. ಜನ ಕೂಗುತ್ತಿದ್ದರು, ಆಫೀಸರ್ ಕುರ್ಚಿಯ ತುದಿಗೆ ಬಂದಿದ್ದರು, ನಾನು ಉಗುರು ಕಚ್ಚುತ್ತಿದ್ದೆ. ಅವನು ಎಡವಲಿ ಎಂದು ನಮ್ಮೂರಿನ ದೈವಕ್ಕೂ ಮನಸ್ಸಿನಲ್ಲೇ ಹರಕೆ ಹೊತ್ತೆ.

ಅರ್ಧ ಆಟ ಮುಗಿಯುವ ಹೊತ್ತಿಗೆ ಎದುರಿನವರು ಅವನನ್ನು ಹಿಡಿದರು. ಕೆಳಗೆ ಬಿದ್ದವನ ಕಿವಿಯ ಬಳಿ ಒಬ್ಬ, "ಚಲ್ ರೇ ಮದ್ರಾಸಿ, ಇಡ್ಲಿ ವಿಕ್!" ಎಂದ. ಬಸಪ್ಪ ಜೀವಮಾನದಲ್ಲಿ ಇಡ್ಲಿ ಮಾರಿದವನಲ್ಲ, ಮದರಾಸು ನೋಡಿದವನೂ ಅಲ್ಲ. ಎದ್ದವನೇ ಆ ಹುಡುಗನ ಮುಖಕ್ಕೆ ಮುಷ್ಟಿಯಿಂದ ಹೊಡೆದ. ಪಂಚರು ಸೀಟಿ ಊದುವ ಮೊದಲೇ ಮಾಸ್ತರು ಅಂಗಳಕ್ಕೆ ನುಗ್ಗಿ, ಅವನ ರಟ್ಟೆ ಹಿಡಿದು ಹೊರಗೆ ಎಳೆದು ಗೋಡೆಯ ಬುಡದಲ್ಲಿ ಕೂರಿಸಿದರು. ಅವರ ಮುಖ ಕಪ್ಪಿಟ್ಟಿತ್ತು.

"ಶೆಟ್ರ, ನೀವು ಇಳೀರಿ," ಎಂದರು.

ಇಳಿದೆ. ನನಗೂ ಅದೇ ಇಡ್ಲಿಯ ಮಾತು ಬಿತ್ತು, ಆ ಎದುರಿನವನ ಬಾಯಿಂದಲೇ. ಮದ್ರಾಸಿ ಎಂಬುದನ್ನು ದಿನಕ್ಕೆ ಎಷ್ಟೋ ಸಲ ಕೇಳಿ, ಮುಖ ಸಣ್ಣ ಮಾಡದೆ, "ಔರ್ ಕ್ಯಾ ಲಾವೂಂ ಸೇಠ್?" ಎಂದು ಮುಂದಿನ ತಿಂಡಿ ಕೇಳುವವನಿಗೆ ಅದು ಯಾವ ಲೆಕ್ಕ? ನಗುತ್ತಲೇ ಆಡಿದೆ. ಮುಟ್ಟಿದೆ, ಹಿಡಿದೆ, ಬಿಡಿಸಿಕೊಂಡೆ. ಆಟ ನಾವು ಗೆದ್ದೆವು. ಜನ ನನ್ನನ್ನು ಎತ್ತಿ ಕುಣಿದರು. ಮೇಲಿನಿಂದ ನೋಡಿದೆ: ಆಫೀಸರ್ ಮಾಸ್ತರನ್ನು ಏನೋ ಕೇಳುತ್ತಿದ್ದರು. ಮಾಸ್ತರು ಕೈ ಎತ್ತಿ ತೋರಿಸಿದರು. ನನ್ನ ಕಡೆಗಲ್ಲ, ಗೋಡೆಯ ಬುಡಕ್ಕೆ.

ಕೆಳಗೆ ಜಿಗಿದವನೇ ಅವರ ಮುಂದೆ ಹೋಗಿ ನಿಂತೆ. ಇಷ್ಟು ದಿನ ಅವರ ಮುಂದೆ ನನ್ನ ದನಿ ಏರಿರಲಿಲ್ಲ.

"ಎಂತ ಮಾಸ್ಟ್ರೆ ಇದು? ಅವನು ಹೊಡೆದು ಹೊರಗೆ ಕೂತದ್ದು, ನಾನು ಆಡಿ ಗೆಲ್ಲಿಸಿದ್ದು. ಕೆಲಸ ಅವನಿಗಾ?"

ಮಾಸ್ತರು ನನ್ನನ್ನು ಆಶ್ಚರ್ಯದಿಂದ ನೋಡಿದರು. "ಇವತ್ತ ನೀವು ಆಡಿದ್ದಕ್ಕ ಹೆಸರಿಡಾಕ ಆಗೂದಿಲ್ರಿ. ಖಾನದಾನಿ ಮನಷ್ಯಾರು, ಅದಕ ಸಿಟ್ಟಿಗೆ ಬರಲಿಲ್ಲ. ಖರೆ, ಆ ಮಗಾ ಹೊರಗ ಉಳದ್ರ ಯಾವನೋ ದಾದಾನ ಕೈಯಾಗ ಸಿಕ್ಕ ಹಾಳಾಗಿ ಹೋಕ್ಕಾನ್ರಿ. ಮಿಲ್ಲಿನಾಗ ನನ್ನ ಕಣ್ಣ ಮುಂದ ಇದ್ರ ಬಡದರ ತಿದ್ದತೀನಿ. ನಿಮಗ್ಯಾಕ್ರಿ ಶೆಟ್ರ ಮಿಲ್ಲಿನ ನೌಕರಿ? ಸ್ವಂತ ಹೊಟೇಲ ಬಿಟ್ಟು ಮಗ್ಗದ ಮುಂದ ನಿಂದ್ರತೀರೇನು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಅವರ ಕಡೆ ಶೆಟ್ಟರು ಎಂದರೆ ಅಂಗಡಿ, ಗಾದಿ ಇರುವ ವ್ಯಾಪಾರಸ್ಥರು. ನಮ್ಮ ಕಡೆ ಅದು ಗೇಣಿ ಗದ್ದೆ ಉಳುವವನ ಹೆಸರಿನ ಬಾಲಕ್ಕೂ ಇರುತ್ತದೆ. ಇನ್ನು ಹೋಟೆಲು. ನಮ್ಮ ಜನ ಲೋಟ ತೊಳೆಯುವ ಕೆಲಸಕ್ಕೆ ಸೇರಿದ ಮರುದಿನವೇ 'ನಮ್ಮ ಹೋಟೆಲು' ಎನ್ನುತ್ತಾರೆ, ಮಸಾಲೆದೋಸೆ ಚೆನ್ನಾಗಿದೆ ಎಂದರೆ ತಾವೇ ಹೊಯ್ದಂತೆ ಹಿಗ್ಗುತ್ತಾರೆ. ಅಷ್ಟು ತಿಂಗಳು ಈ ಮನುಷ್ಯ ನನ್ನನ್ನು ಗಲ್ಲಾದ ಮೇಲೆ ಕೂರುವ ಧಣಿಯ ಮಗನೆಂದುಕೊಂಡಿದ್ದರು. ಹೊತ್ತು ಕಳೆಯಲು ಆಡಲು ಬರುವ ಸಾಹುಕಾರ!

"ಯಾರ ಹೋಟೆಲು ಮಾಸ್ಟ್ರೆ?" ಎಂದೆ. ನಗುವೂ ಅಳುವೂ ಒಟ್ಟಿಗೆ ಬಂದವು. "ನಾನು ಅಲ್ಲಿ ಎಂಜಲು ಲೋಟ ಎತ್ತುವವ. ಮಲಗುವುದು ಬೆಂಚಿನ ಮೇಲೆ. ಈ ಅಂಗಿ ಬಿಟ್ಟರೆ ಇನ್ನೊಂದಿಲ್ಲ."

ಮಾಸ್ತರು ನನ್ನ ಎರಡೂ ಕೈ ಹಿಡಿದು, ಅಂಗೈಗಳನ್ನು ಮೇಲೆ ಮಾಡಿ ನೋಡಿದರು. ಬಿಸಿ ಚಹಾದ ಬೊಬ್ಬೆಗಳು, ಸೋಡಾಪುಡಿಗೆ ಬೆಂದು ಸುಲಿದ ಬೆರಳುಗಳು.

ಆ ಗಳಿಗೆಯಲ್ಲಿ ನನಗೆ ನೌಕರಿಯೂ ಮರೆತುಹೋಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಈಗ ಇವರಿಗೆ ಎಲ್ಲ ಗೊತ್ತಾಯಿತು. ಈಗ ನನಗೂ ಬಸಪ್ಪನಿಗೂ ಏನು ವ್ಯತ್ಯಾಸ? ಅವನು ಚೀಲ ಹೊರುತ್ತಾನೆ, ನಾನು ತಟ್ಟೆ ಹೊರುತ್ತೇನೆ. 'ಲೇ ಹುಚ್ಚಪ್ಯಾಲಿ, ಮೊದಲ ಬೊಗಳಾಕ ಏನಾಗಿತ್ತ ನಿನಗ' ಎಂದು ಬೆನ್ನಿಗೊಂದು ಬಾರಿಸಲಿ. ಖೋಲಿ ಹೋದರೆ ಹೋಗಲಿ. ನಾನು ನಿಜಕ್ಕೂ ಸ್ವಲ್ಪ ಬಗ್ಗಿ ನಿಂತಿದ್ದೆ.

"ತಪ್ಪಾತ್ರಿ ಶೆಟ್ರ," ಎಂದರು ಮಾಸ್ತರು, ಅದೇ ಇಳಿದ ದನಿಯಲ್ಲಿ. "ನಂದ ತಪ್ಪು. ಸಾಹೇಬ್ರಿಗೆ ಮಾತ ಕೊಟ್ಟಬಿಟ್ಟೇನಿ, ತಿರುಗಿಸಾಕ ಬರೂದಿಲ್ಲ. ಮುಂದಿನ ವರ್ಷ ನಿಮ್ಮ ಹೆಸರು ನಾನ ಹೇಳ್ತೀನ್ರಿ. ಮನಸ್ಸಿಗೆ ಹಚ್ಚಗೋಬ್ಯಾಡ್ರಿ." ಹೆಗಲ ಮೇಲಿನ ಟವೆಲು ತೆಗೆದು, ಮನೆಗೆ ಬಂದ ಅತಿಥಿಗೆ ಕುರ್ಚಿ ಒರೆಸಿ ಕೊಡುವಂತೆ, ನನ್ನ ಭುಜದ ಮಣ್ಣು ಒರೆಸಿದರು.

ಒರೆಸಿ, ಗೋಡೆಯ ಕಡೆ ನಡೆದರು. ನಾಲ್ಕು ಹೆಜ್ಜೆ ಹೋಗುವುದರೊಳಗೆ ದನಿ ಮಗ್ಗದ ಸದ್ದನ್ನೂ ಮೀರುವಷ್ಟು ಏರಿತು.

"ಲೇ ಬಸ್ಯಾ! ಸತ್ತವರ ಮನಿಯಾಗ ಕುಂತಂಗ ಯಾಕ ಕುಂತೀಲೇ? ಏಳು ಮ್ಯಾಲೆ! ಮುಂಜಾನಿಂದ ಏನರ ತಿಂದಿ ಏನ್ಲೇ ಹುಚ್ಚಪ್ಯಾಲಿ?"

ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ.